ಅಟ್ಟದಿಂದ ಇಳಿದ ಹಳೆಯ ಬೋಲ್ಟ್ ರೈಫಲ್: ಗುರುತು ಹಿಡಿಯುವುದು, ಬೆಲೆ ಕಟ್ಟುವುದು

ಕೊಡಗಿನ ಐನ್‌ಮನೆಗಳಲ್ಲಿ, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಬಂಗಲೆಗಳಲ್ಲಿ ಅಜ್ಜನ ಕಾಲದ ಬೋಲ್ಟ್ ರೈಫಲ್ ಒಂದಾದರೂ ಉಳಿದಿರುತ್ತದೆ. ‘ಇದು ರಿಗ್ಬಿ’, ‘ಇದು ರಾಡಾ ಕಂಪನಿಯ ಕೋವಿ’, ‘ಇದು ಜರ್ಮನ್ ಮೌಸರ್’ ಎಂದು ಮನೆಯವರು ಹೇಳುವುದು ಸಾಮಾನ್ಯವಾಗಿ ನಳಿಗೆಯ ಮೇಲೆ ಓದಿದ ಹೆಸರಿನಿಂದ. ಆ ಹೆಸರು ಮಾರಿದ ಅಂಗಡಿಯದಾಗಿರಬಹುದು, ನಳಿಗೆ ಕೂರಿಸಿದವರದಾಗಿರಬಹುದು, ಇಡೀ ರೈಫಲ್ ಕಟ್ಟಿದವರದೂ ಆಗಿರಬಹುದು. ಮೂರಕ್ಕೂ ಬೆಲೆ ಬೇರೆ ಬೇರೆ. ಹಾಗಾಗಿ ರೈಫಲ್ಲನ್ನು ಓದುವ ಕ್ರಮ ತಿರುವುಮುರುವು: ಮೊದಲು ಆ್ಯಕ್ಷನ್ (ತೋಟೆಯನ್ನು ಒಳತಳ್ಳಿ ಬೀಗ ಹಾಕುವ ಬೋಲ್ಟ್ ಮತ್ತು ಅದು ಓಡಾಡುವ ರಿಸೀವರ್ ಎಂಬ ಉಕ್ಕಿನ ಗೂಡು), ಆಮೇಲೆ ಪ್ರೂಫ್ ಮುದ್ರೆ (ಪರೀಕ್ಷೆಯ ಗುರುತು), ಆಮೇಲೆ ಚೇಂಬರ್ (ತೋಟೆ ಕೂರುವ ನಳಿಗೆಯ ಬುಡ). ಹೆಸರಿನ ಸರದಿ ಕೊನೆಗೆ.

ಮೊದಲು ಕಾಗದ

ಲೈಸೆನ್ಸುದಾರರು ತೀರಿಕೊಂಡ ಮೇಲೆ ಕೋವಿ ಮನೆಯಲ್ಲೇ ಉಳಿದಿದ್ದರೆ ಅದನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಜಮಾ ಮಾಡಿ ರಸೀದಿ ಪಡೆಯಬೇಕು. ವಾರಸುದಾರರ ಹೆಸರಿಗೆ ಲೈಸೆನ್ಸ್ ಆಗುವವರೆಗೆ ಅದು ಅಲ್ಲೇ ಇರಲಿ. ಗುರುತು ಹಿಡಿಯುವ ಕೆಲಸವನ್ನು ಆ ಅಂಗಡಿಯ ಮೇಜಿನ ಮೇಲೂ ಮಾಡಬಹುದು. ಆಯುಧ ಕಾಯ್ದೆಯ 2019ರ ತಿದ್ದುಪಡಿಯಿಂದ ಒಬ್ಬರಿಗೆ ಇರಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದಿವೆ, ಪಿತ್ರಾರ್ಜಿತವೂ ಆ ಲೆಕ್ಕದಲ್ಲೇ ಬರುತ್ತದೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರಲ್ಲಿ 2029ರವರೆಗೆ ಮುಂದುವರಿಸಿದೆ. ವಿನಾಯಿತಿ ಇದ್ದರೂ ವಿನಾಯಿತಿ ಪತ್ರದಲ್ಲಿರುವ ಕೋವಿಯ ವಿವರ ಕೈಯಲ್ಲಿರುವ ಕೋವಿಗೆ ತಾಳೆಯಾಗಲೇಬೇಕು.

ಇನ್ನೊಂದು ಪ್ರಶ್ನೆಗೂ ಈಗಲೇ ಉತ್ತರ ಬೇಕು: ರೈಫಲ್ ಪಿಬಿಯೋ ಎನ್‌ಪಿಬಿಯೋ, ಅಂದರೆ ಪ್ರೊಹಿಬಿಟೆಡ್ ಬೋರೋ (ನಿಷೇಧಿತ ನಳಿಗೆ ಅಳತೆಯದೋ) ಅಲ್ಲವೋ. ಸೇನೆಯ .303 ಅಥವಾ 7.62 ಮಿ.ಮೀ. ತೋಟೆ ಹಿಡಿಯುವ ಬೋಲ್ಟ್ ರೈಫಲ್ ನಿಷೇಧಿತ ಗುಂಪಿಗೆ ಸೇರುತ್ತದೆ. .315, .30-06, .375 ಮ್ಯಾಗ್ನಮ್‌ಗಳು ಸಾಮಾನ್ಯ ಲೈಸೆನ್ಸಿನಲ್ಲಿ ಬರುತ್ತವೆ. ಹಳೆಯ ಲೈಸೆನ್ಸ್ ಪುಸ್ತಕಗಳಲ್ಲಿ ‘ಸ್ಪೋರ್ಟಿಂಗ್ ರೈಫಲ್’ ಎಂದಷ್ಟೇ ಬರೆದು ಬೋರ್ ಬಿಟ್ಟಿರುವುದುಂಟು. ಕೆಳಗೆ ಹೇಳುವ ಅಳತೆಗಳು ಅದನ್ನು ಸರಿಪಡಿಸಲೂ ಬೇಕಾಗುತ್ತವೆ.

ಖಾಲಿ ಮಾಡಿ, ಬೋಲ್ಟ್ ಹೊರತೆಗೆಯಿರಿ

ನಲವತ್ತು ವರ್ಷ ಅಟ್ಟದಲ್ಲಿದ್ದ ರೈಫಲಿನ ಮ್ಯಾಗಜೀನಿನಲ್ಲೂ ತೋಟೆ ಇರಬಹುದು. ನಳಿಗೆಯನ್ನು ಗೋಡೆಯತ್ತಲ್ಲ, ಮಣ್ಣಿನ ದಿಬ್ಬದತ್ತ ತಿರುಗಿಸಿ, ಟ್ರಿಗರಿನಿಂದ ಬೆರಳು ದೂರವಿಟ್ಟು ಬೋಲ್ಟ್ ಎತ್ತಿ ಹಿಂದಕ್ಕೆಳೆಯಿರಿ. ಕಣ್ಣಿನಿಂದ ನೋಡಿದರೆ ಸಾಲದು, ಕಿರುಬೆರಳನ್ನು ಚೇಂಬರಿನೊಳಗೆ ಹಾಕಿ ನೋಡಿ. ಬೋಲ್ಟ್ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ, ಒಳಗೆ ತೋಟೆ ಸಿಕ್ಕಿಕೊಂಡಿರಬಹುದು. ಹಾಗೆಯೇ ಕೋವಿ ರಿಪೇರಿಯವರಿಗೆ ಒಪ್ಪಿಸಿ.

ಮೌಸರ್ ಮಾದರಿಯಲ್ಲಿ ರಿಸೀವರಿನ ಎಡ ಹಿಂಬದಿಯಲ್ಲಿರುವ ಬೋಲ್ಟ್ ಸ್ಟಾಪನ್ನು ಹೊರಕ್ಕೆ ಎಳೆದು ಹಿಡಿದರೆ ಬೋಲ್ಟ್ ಕೈಗೆ ಬರುತ್ತದೆ. ಬೋಲ್ಟ್ ತೆಗೆಯುವ ಮೊದಲು ಸೇಫ್ಟಿಯ ರೆಕ್ಕೆಯನ್ನು ನೆಟ್ಟಗೆ, ನಡುವಿನ ಸ್ಥಾನದಲ್ಲಿ ನಿಲ್ಲಿಸಿ. ಲೀ-ಎನ್‌ಫೀಲ್ಡ್‌ನಲ್ಲಿ ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಬಲಗಡೆಯ ಬೋಲ್ಟ್ ಹೆಡ್ಡನ್ನು ಮೇಲಕ್ಕೆ ಎತ್ತಬೇಕು. ಅದು ಪುಟಿದು ಬಿಡಿಸಿಕೊಂಡ ಮೇಲೆ ಹಿಂದಕ್ಕೆ ಜಾರುತ್ತದೆ. ತಿರುಗಿ ಕೂರಿಸುವಾಗ ಆ ಹೆಡ್ಡನ್ನು ಕೊನೆಯ ಸುತ್ತಿನವರೆಗೂ ತಿರುಗಿಸಿರಬೇಕು.

ಒರೆಸಿ, ಉಜ್ಜಬೇಡಿ

ಹಳೆಯ ರೈಫಲಿನ ಬೆಲೆ ಹೆಚ್ಚಾಗಿ ಹಾಳಾಗುವುದು ಮನೆಗೆ ಬಂದ ಮೊದಲ ವಾರದಲ್ಲಿ. ಹುಣಸೆಹಣ್ಣು, ನಿಂಬೆಹುಳಿ, ಎಮರಿ ಕಾಗದ, ಪಾತ್ರೆ ಉಜ್ಜುವ ನಾರು ಯಾವುದೂ ಲೋಹದ ಹತ್ತಿರ ಸುಳಿಯಬಾರದು. ತಾಮ್ರದ ತಂಬಿಗೆಯನ್ನು ಬೆಳಗಿದಂತೆ ಬೆಳಗಿದರೆ ನೂರು ವರ್ಷದ ಬ್ಲೂಯಿಂಗ್ (ಉಕ್ಕಿನ ಮೇಲಿನ ನೀಲಿಗಪ್ಪು ಲೇಪ) ಹತ್ತು ನಿಮಿಷದಲ್ಲಿ ಹೋಗುತ್ತದೆ, ಜೊತೆಗೆ ಮುದ್ರೆಗಳ ಅಂಚೂ ಸವೆಯುತ್ತದೆ. ಮೃದು ಹತ್ತಿ ಬಟ್ಟೆಗೆ ತೆಳು ಯಂತ್ರದ ಎಣ್ಣೆ ಹಚ್ಚಿ ಒರೆಸಿ. ಕೆಂಪು ತುಕ್ಕು ಕಂಡಲ್ಲಿ ಎಣ್ಣೆ ಹಾಕಿ ಒಂದು ದಿನ ಬಿಟ್ಟು ಮತ್ತೆ ಒರೆಸಿ. ತೆಂಗಿನೆಣ್ಣೆ ಬೇಡ, ಅದು ಬೋಲ್ಟಿನೊಳಗೆ ಅಂಟಾಗಿ ಸ್ಪ್ರಿಂಗನ್ನು ನಿಧಾನ ಮಾಡುತ್ತದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಹಚ್ಚಿದ ಗಂಧವನ್ನು ಅದೇ ದಿನ ಸಂಜೆ ಒರೆಸಿ ಎಣ್ಣೆ ಕೈಯಾಡಿಸಿ. ಒಣಗಿದ ಗಂಧದ ಕೆಳಗೆ ತೇವ ನಿಂತು ಸಣ್ಣ ಸಣ್ಣ ಗುಳಿ ಬೀಳುತ್ತವೆ, ನಳಿಗೆಯ ಮೂತಿಗೆ ಸಿಕ್ಕಿಸಿದ ತೋಕ್‌ಪೂವಿನ (ಕೋವಿ ಹೂವಿನ) ಕಾಂಡದ ನೀರೂ ಹಾಗೆಯೇ.

ಬೇಕಾದ ಸಾಮಾನು: 0.01 ಮಿ.ಮೀ. ತೋರಿಸುವ ಡಿಜಿಟಲ್ ಕ್ಯಾಲಿಪರ್, 10 ಪಟ್ಟು ಹಿಗ್ಗಿಸುವ ಮಸೂರ, ಸಣ್ಣ ಟಾರ್ಚ್, 5 ಮಿ.ಮೀ. ದಪ್ಪದ ಮರದ ಕೋಲು, ಒಂದು ನೋಟ್‌ಬುಕ್. ಮುದ್ರೆಗಳ ಫೋಟೊ ತೆಗೆಯುವಾಗ ಬೆಳಕು ನೇರವಾಗಿ ಬೀಳದೆ ಓರೆಯಾಗಿ ಬೀಳಲಿ. ಓರೆ ಬೆಳಕಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ತಿರುಪುಗಳನ್ನು ಈಗಲೇ ಬಿಚ್ಚಬೇಡಿ. ಮನೆಯ ಸ್ಕ್ರೂಡ್ರೈವರ್‌ನ ತುದಿ ಬೆಣೆಯಾಕಾರದ್ದು, ಅದು ತಿರುಪಿನ ಸೀಳನ್ನು ಹರಿಯುತ್ತದೆ. ಹರಿದ ಸೀಳನ್ನು ಕಂಡ ಕೊಳ್ಳುವವರು ಒಳಗೆ ಏನೋ ಕೈಯಾಡಿಸಿದ್ದಾರೆ ಎಂದೇ ಲೆಕ್ಕ ಹಾಕುತ್ತಾರೆ.

ಆ್ಯಕ್ಷನ್: ರೈಫಲಿನ ನಿಜವಾದ ಜಾತಕ

ನಮ್ಮ ಕಡೆ ಸಿಗುವ ಹಳೆಯ ಬೇಟೆ ರೈಫಲ್‌ಗಳಲ್ಲಿ ಬಹುಪಾಲು ಮೂರು ಮನೆತನಗಳಿಗೆ ಸೇರಿದವು: ಮೌಸರ್, ಲೀ-ಎನ್‌ಫೀಲ್ಡ್, ಮ್ಯಾನ್ಲಿಷರ್-ಶೋನವರ್. ಅಲ್ಲೊಂದು ಇಲ್ಲೊಂದು ವಿಂಚೆಸ್ಟರ್ ಇರುತ್ತದೆ.

ಮೌಸರ್ 98 ಅನ್ನು ಬೋಲ್ಟ್ ನೋಡಿಯೇ ಗುರುತಿಸಬಹುದು. ಮುಂದೆ ಎರಡು ದೊಡ್ಡ ಲಗ್, ಅಂದರೆ ಬೀಗದ ಹಲ್ಲು. ಹಿಂದೆ, ಹಿಡಿಕೆಯ ಸಮೀಪ ಮೂರನೆಯ ಸುರಕ್ಷತಾ ಲಗ್. ಬೋಲ್ಟಿನ ಬಲಮೈಗೆ ಅಂಟಿಕೊಂಡ ಉದ್ದದ ಉಗುರಿನಂಥ ಎಕ್ಸ್‌ಟ್ರಾಕ್ಟರ್ (ಖಾಲಿ ತೋಟೆಯನ್ನು ಹೊರಗೆಳೆಯುವ ಕೊಕ್ಕೆ) ಬೋಲ್ಟ್ ತಿರುಗಿದರೂ ತಿರುಗುವುದಿಲ್ಲ. ಬೋಲ್ಟ್ ಮೈಯಲ್ಲಿ ಅನಿಲ ಹೊರಬಿಡುವ ಎರಡು ಉದ್ದನೆಯ ತೂತುಗಳು, ಹಿಂದಿನ ತೋಳಿನಲ್ಲಿ ಅನಿಲ ತಡೆಯುವ ಅಗಲ ಅಂಚು. ಹಿಡಿಕೆ ಎತ್ತುವಾಗಲೇ ಸ್ಪ್ರಿಂಗ್ ಬಿಗಿಯುತ್ತದೆ. ಬೋಲ್ಟನ್ನು ಮುಂದಕ್ಕೆ ತಳ್ಳುವಾಗ ಸ್ಪ್ರಿಂಗ್ ಬಿಗಿದರೆ, ಮೂರನೆಯ ಲಗ್ ಇಲ್ಲದಿದ್ದರೆ, ಅದು 1893, 1895ರ ಸಾಲಿನ ಹಳೆಯ ಮೌಸರ್. ರಿಸೀವರಿನ ಮುಂಬಳೆಯ ವ್ಯಾಸವನ್ನು ಅಳೆದರೆ ಅನುಮಾನ ಇನ್ನಷ್ಟು ತೀರುತ್ತದೆ: 98ರ ದೊಡ್ಡ ಬಳೆ ಸುಮಾರು 35.8 ಮಿ.ಮೀ., ಸಣ್ಣ ಬಳೆಯವು 33 ಮಿ.ಮೀ. ಈ ಹಳೆಯ ಸಣ್ಣ ಬಳೆಯ ಆ್ಯಕ್ಷನ್‌ಗೆ ಯಾರಾದರೂ ಹೆಚ್ಚು ಒತ್ತಡದ ತೋಟೆಯ ನಳಿಗೆ ಕೂರಿಸಿದ್ದರೆ ಅದನ್ನು ಗೋಡೆಯ ಅಲಂಕಾರಕ್ಕೆ ಮಾತ್ರ ಇಡಿ.

98 ಎಂದು ಖಚಿತವಾದ ಮೇಲೆ ಕೇಳಬೇಕಾದ್ದು: ಇದು ಕಾರ್ಖಾನೆಯಿಂದಲೇ ಬೇಟೆಗೆಂದು ಬಂದದ್ದೋ, ಸಿಪಾಯಿ ರೈಫಲನ್ನು ಕಡೆದು ಬೇಟೆ ರೈಫಲ್ ಮಾಡಿದ್ದೋ? ಬೆಲೆಯ ಅಂತರ ಹೆಚ್ಚಾಗಿ ಇಲ್ಲೇ ಹುಟ್ಟುವುದು. ಸಿಪಾಯಿ ರೈಫಲಿನ ಎಡಗೋಡೆಯಲ್ಲಿ, ಕ್ಲಿಪ್ಪಿನಿಂದ ತೋಟೆ ಒತ್ತುವ ಹೆಬ್ಬೆರಳಿಗೆಂದು ಅರ್ಧಚಂದ್ರದಂತೆ ಕೊರೆದಿರುತ್ತಾರೆ. ಹಿಂದಿನ ಸೇತುವೆಯ ಮೇಲೆ ಕ್ಲಿಪ್ ನಿಲ್ಲಿಸುವ ಗುಬುಟು ಇರುತ್ತದೆ. ಬೇಟೆ ಆ್ಯಕ್ಷನ್‌ಗಳಲ್ಲಿ ಹೆಬ್ಬೆರಳ ಕೊರೆತ ಬಹುತೇಕ ಇರುವುದಿಲ್ಲ. ಗುಬುಟನ್ನು ಅರೆದು ತೆಗೆದ ಕಡೆ ಮೇಲ್ಮೈ ಸ್ವಲ್ಪ ಚಪ್ಪಟೆಯಾಗಿ, ಬ್ಲೂಯಿಂಗ್ ಬಣ್ಣ ಬೇರೆಯಾಗಿ ಕಾಣುತ್ತದೆ. ‘ಬಿವೈಎಫ್’, ‘ಡಿಒಟಿ’, ‘ಬಿಸಿಡಿ’ ಎಂಬಂಥ ಮೂರಕ್ಷರದ ಸಂಕೇತ, ಸಣ್ಣ ಹದ್ದಿನ ಮುದ್ರೆಗಳು ಕಂಡರೆ ಅದು ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಸೇನೆಯದು. ಯುದ್ಧದ ನಂತರ ಒಳ್ಳೊಳ್ಳೆಯ ಇಂಗ್ಲಿಷ್ ಕುಶಲಕರ್ಮಿಗಳೂ ಇಂಥ ಆ್ಯಕ್ಷನ್ ಬಳಸಿ ರೈಫಲ್ ಕಟ್ಟಿದ್ದಾರೆ, ಆದ್ದರಿಂದ ಸಂಕೇತ ಕಂಡ ಕೂಡಲೇ ಕಡೆಗಣಿಸಬೇಡಿ.

ಒಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯ ಬರಹವೇ ಕಾಲವನ್ನು ಹೇಳುತ್ತದೆ. ‘ವಾಫೆನ್‌ಫಾಬ್ರಿಕ್ ಮೌಸರ್’ ಎಂದಿದ್ದರೆ 1922ಕ್ಕೆ ಮೊದಲಿನದು, ‘ಮೌಸರ್-ವೆರ್ಕೆ’ ಎಂದಿದ್ದರೆ ನಂತರದ್ದು. ಬಾವುಟದ ಆಕಾರದ ಚೌಕಟ್ಟಿನಲ್ಲಿ ಬರೆದ ‘ಮೌಸರ್’ ಲಾಂಛನ 1909ರಲ್ಲಿ ಬಂತು. ಕಾರ್ಖಾನೆಯ ಬೇಟೆ ರೈಫಲ್‌ಗಳಲ್ಲಿ ‘ಟೈಪ್ ಬಿ’ ಹೆಚ್ಚು ಕಾಣುವಂಥದ್ದು. ‘ಟೈಪ್ ಎ’ ಇಂಗ್ಲಿಷ್ ರುಚಿಗೆ ಮಾಡಿದ್ದು, ಮೂತಿಯವರೆಗೆ ಮರ ಹೊದ್ದದ್ದು ‘ಟೈಪ್ ಎಂ’. ಜೋಡಿ ಟ್ರಿಗರ್, ಅರ್ಧ ಎಂಟು ಮೂಲೆಯ ನಳಿಗೆ, ಕೋಣನ ಕೊಂಬಿನ ತುದಿ ಇವೆಲ್ಲ ಆ ಕಾಲದ ಜರ್ಮನ್ ಕೈಗುಣ.

ಲೀ-ಎನ್‌ಫೀಲ್ಡ್‌ನಲ್ಲಿ ಬೀಗದ ಲಗ್‌ಗಳು ಬೋಲ್ಟಿನ ಹಿಂಭಾಗದಲ್ಲಿವೆ, ಬೋಲ್ಟ್ ಹೆಡ್ ತಿರುಚಿ ಕಳಚುವಂಥದ್ದು, ಸ್ಟಾಕ್, ಅಂದರೆ ಮರದ ಭಾಗ, ಎರಡು ತುಂಡು. ಮುಂದಕ್ಕೆ ತಳ್ಳುವಾಗ ಸ್ಪ್ರಿಂಗ್ ಬಿಗಿಯುತ್ತದೆ. ಬಿಎಸ್ಎ ಕಂಪನಿಯದಾದರೆ ಮೂರು ರೈಫಲ್‌ಗಳನ್ನು ಒಟ್ಟಿಗೆ ಆನಿಸಿ ನಿಲ್ಲಿಸಿದ ಗುರುತಿರುತ್ತದೆ. ಅದೇ ಕಂಪನಿ ಬೇಟೆಗೆಂದು ಮಾಡಿದ ‘ಲೀ-ಸ್ಪೀಡ್’ ಹಗುರ, ನಯಗಾರಿಕೆಯ ಕೆಲಸ. ಅದನ್ನು ಸಿಪಾಯಿ ರೈಫಲಿನ ಜೊತೆ ಒಂದೇ ಬೆಲೆಗೆ ಕೊಟ್ಟವರು ಬಹಳ. ‘ಆರ್‌ಎಫ್‌ಐ’ ಎಂದರೆ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ. ಕಿರೀಟ ಮತ್ತು ‘ಜಿಆರ್‌ಐ’ ಇದ್ದರೆ ಬ್ರಿಟಿಷರ ಕಾಲದ್ದು, ಅಶೋಕ ಸ್ತಂಭದ ಸಿಂಹ ಇದ್ದರೆ ಗಣರಾಜ್ಯದ್ದು. ನಮ್ಮೂರುಗಳಲ್ಲಿ ಎಲ್ಲರಿಗೂ ಪರಿಚಿತವಾದ .315 ರೈಫಲ್ ಇದೇ ಆ್ಯಕ್ಷನಿನ ಮಗು.

ಮ್ಯಾನ್ಲಿಷರ್-ಶೋನವರ್ ಆಸ್ಟ್ರಿಯಾದ ಸ್ಟೈರ್ ಕಾರ್ಖಾನೆಯ ಹೆಮ್ಮೆ. ಬೆಣ್ಣೆ ಚಾಕುವಿನಂತೆ ಚಪ್ಪಟೆಯಾದ ಹಿಡಿಕೆ ರಿಸೀವರಿನ ಹಿಂದಿನ ಸೇತುವೆಯನ್ನು ಸೀಳಿಕೊಂಡು ಓಡುತ್ತದೆ. ಒಳಗೆ ತಿರುಗುವ ಉರುಳೆಯ ಮ್ಯಾಗಜೀನ್. ಬೋಲ್ಟ್ ಅಲುಗಾಡದೆ ರೇಷ್ಮೆಯಂತೆ ಜಾರಬೇಕು. ಮಾದರಿಯ ವರ್ಷವೇ ತೋಟೆಯನ್ನು ಹೇಳುತ್ತದೆ: 1903 ಎಂದರೆ 6.5×54, 1905 ಎಂದರೆ 9×56, 1908 ಎಂದರೆ 8×56, 1910 ಎಂದರೆ 9.5×57 (ಮೊದಲ ಅಂಕಿ ಬೋರ್, ಎರಡನೆಯದು ತೋಟೆಯ ಕೇಸಿನ, ಅಂದರೆ ಹಿತ್ತಾಳೆ ಕವಚದ ಉದ್ದ, ಎರಡೂ ಮಿ.ಮೀ.ಗಳಲ್ಲಿ). ಈ ಮ್ಯಾಗಜೀನ್ ಆಯಾ ತೋಟೆಯ ಮೈಗೆ ಹೊಂದಿಸಿ ಕಡೆದದ್ದು. ಆದ್ದರಿಂದ ಇದರಲ್ಲಿ ನಳಿಗೆ ಬದಲಿಸಿ ಬೇರೆ ಬೋರ್ ಮಾಡಿದ್ದರೆ ತೋಟೆ ಸರಿಯಾಗಿ ಏರುವುದೇ ಇಲ್ಲ, ಬೆಲೆಯೂ ಬಿದ್ದಂತೆಯೇ.

ವಿಂಚೆಸ್ಟರ್ ಮಾಡೆಲ್ 70 ಸಿಕ್ಕರೆ ಸೀರಿಯಲ್ ನಂಬರ್ ನೋಡಿ. ಸುಮಾರು 5,81,000ರವರೆಗಿನವು 1964ರ ಬದಲಾವಣೆಗೆ ಮೊದಲಿನವು. ಅವುಗಳಲ್ಲಿ ಮೌಸರ್‌ನಂಥ ಉದ್ದ ಉಗುರಿನ ಎಕ್ಸ್‌ಟ್ರಾಕ್ಟರ್ ಇರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಹಳೆಯ ಮಾಡೆಲ್ 70 ಕೊಳ್ಳುವಾಗ ಮೊದಲು ನೋಡಬೇಕಾದ ಗುರುತು ಇದೇ.

ಪ್ರೂಫ್ ಮುದ್ರೆಗಳು

ನಳಿಗೆಯ ಬುಡದಲ್ಲಿ, ಕೆಲವೊಮ್ಮೆ ಮರದೊಳಗೆ ಅಡಗಿದ ಭಾಗದಲ್ಲಿ, ಅಧಿಕೃತ ಪರೀಕ್ಷಾಲಯದ ಪುಟ್ಟ ಮುದ್ರೆಗಳಿರುತ್ತವೆ. ನಳಿಗೆಯ ಮೇಲಿನ ಚಿನ್ನದಕ್ಷರಕ್ಕಿಂತ ಇವು ಹೆಚ್ಚು ನಂಬಿಕೆಗೆ ಅರ್ಹ. ಕಿರೀಟದ ಕೆಳಗೆ ‘ಬಿಪಿ’, ‘ಬಿವಿ’, ‘ಎನ್‌ಪಿ’ ಇದ್ದರೆ 1904ರಿಂದ 1954ರ ನಡುವಿನ ಬರ್ಮಿಂಗ್‌ಹ್ಯಾಮ್, ‘ಬಿಎನ್‌ಪಿ’ ಇದ್ದರೆ ಆಮೇಲಿನದು. ಹೆಣೆದುಕೊಂಡ ‘ಜಿಪಿ’ಯ ಮೇಲೆ ಕಿರೀಟವಿದ್ದರೆ ಲಂಡನ್. ಕಿರೀಟದ ಕೆಳಗೆ ‘ಬಿ’, ‘ಯು’, ‘ಜಿ’ ಬಿಡಿಬಿಡಿಯಾಗಿ ಇದ್ದರೆ ಜರ್ಮನಿ, ‘ಎನ್’ ಮೇಲೆ ಹದ್ದಿದ್ದರೆ 1940ರ ಈಚಿನ ಜರ್ಮನಿ. ಅಂಡಾಕಾರದೊಳಗೆ ‘ಇಎಲ್‌ಜಿ’ ಎಂದರೆ ಬೆಲ್ಜಿಯಂನ ಲಿಯೇಜ್, ‘ಎನ್‌ಪಿವಿ’ ಎಂದರೆ ವಿಯೆನ್ನಾ.

ಕೆಲವು ಬರಹಗಳು ಜನರನ್ನು ದಾರಿ ತಪ್ಪಿಸುತ್ತವೆ. ‘172.28’ರಂಥ ಅಂಕಿ ಸೀರಿಯಲ್ ನಂಬರ್ ಅಲ್ಲ, ಬೋರ್ ಅಳೆದ ಹಳೆಯ ಜರ್ಮನ್ ಗೇಜ್. ‘3.24’ ಎಂದಿದ್ದರೆ 1924ರ ಮಾರ್ಚ್‌ನಲ್ಲಿ ಪರೀಕ್ಷೆಯಾದದ್ದು. ‘.303 2.222 18.5 ಟನ್ಸ್’ ಎಂಬುದು ಸೇನೆಯ ರೈಫಲ್ ಇಂಗ್ಲೆಂಡಿನಲ್ಲಿ ನಾಗರಿಕರಿಗೆ ಮಾರಾಟವಾಗುವ ಮೊದಲು ಬಿದ್ದ ಪರೀಕ್ಷೆಯ ಗುರುತು: ಕೇಸಿನ ಉದ್ದ ಅಂಗುಲದಲ್ಲಿ, ಒತ್ತಡ ಟನ್ನಿನಲ್ಲಿ. ‘ನಾಟ್ ಇಂಗ್ಲಿಷ್ ಮೇಕ್’ ಎಂದಿದ್ದರೆ ವಿದೇಶದಿಂದ ಇಂಗ್ಲೆಂಡಿಗೆ ಬಂದು ಅಲ್ಲಿ ಪರೀಕ್ಷೆಯಾದದ್ದು. ‘ಕಾರ್ಡೈಟ್’ (ಹಳೆಯ ಬ್ರಿಟಿಷ್ ಮದ್ದು) ಎಂದು ಬರೆದು ಅಂಕಿಗಳ ಕೊನೆಗೆ ‘ಮ್ಯಾಕ್ಸ್’ ಎಂದಿದ್ದರೆ ಮದ್ದಿನ ಮತ್ತು ಗುಂಡಿನ ಗರಿಷ್ಠ ತೂಕ ಗ್ರೇನ್‌ಗಳಲ್ಲಿ. ಎರಡು ದೇಶಗಳ ಪ್ರೂಫ್ ಒಂದೇ ರೈಫಲಿನಲ್ಲಿ ಇದ್ದರೆ ಗಾಬರಿ ಬೇಡ. ಒಬರ್ನ್‌ಡಾರ್ಫ್ ಆ್ಯಕ್ಷನ್ ಲಂಡನ್ನಿಗೆ ಹೋಗಿ ರೈಫಲ್ಲಾದ ಕಥೆ ಅದು, ಬೆಲೆಗೆ ಒಳ್ಳೆಯ ಸುದ್ದಿ.

ಯಾವ ತೋಟೆ?

ಇಲ್ಲಿ ತಪ್ಪಿದರೆ ಹಣ ಹೋಗುವುದಷ್ಟೇ ಅಲ್ಲ, ಕಣ್ಣು, ಕೈ ಹೋಗಬಹುದು. ನಳಿಗೆಯ ಮೇಲಿನ ಅಂಕಿಯನ್ನು ಒಂದು ಸುಳಿವೆಂದು ಮಾತ್ರ ನೋಡಿ. ಹೆಸರಿನ ಅಂಕಿಗೂ ಗುಂಡಿನ ನಿಜವಾದ ವ್ಯಾಸಕ್ಕೂ ಎಷ್ಟೋ ಸಲ ಸಂಬಂಧವಿಲ್ಲ. .275 ರಿಗ್ಬಿ ಎಂದರೆ 7×57 ಮೌಸರೇ, ಗುಂಡು .284 ಅಂಗುಲ; .275 ಹಾಲೆಂಡ್ ಮ್ಯಾಗ್ನಮ್ ಸಂಪೂರ್ಣ ಬೇರೆ ತೋಟೆ. .318 ವೆಸ್ಟ್ಲಿ ರಿಚರ್ಡ್ಸ್‌ನ ಗುಂಡು .330 ಅಂಗುಲ. ಆದರೆ 1888ರ ಜರ್ಮನ್ 8×57ರ ಗುಂಡು ನಿಜಕ್ಕೂ .318, 1905ರ ನಂತರದ ‘ಎಸ್’ ಬೋರಿನದು .323. ಹಳೆಯ .318 ನಳಿಗೆಗೆ .323 ಗುಂಡಿನ ತೋಟೆ ಹಾಕಿದರೆ ಹಿಡಿಯುತ್ತದೆ, ಬೋಲ್ಟ್ ಮುಚ್ಚುತ್ತದೆ. ಒತ್ತಡ ಮಾತ್ರ ಮಿತಿ ಮೀರುತ್ತದೆ. ವ್ಯತ್ಯಾಸ 0.13 ಮಿ.ಮೀ. ಅಷ್ಟೇ. .423 ಮೌಸರ್ ಎಂದು ಕರೆಯುವ 10.75×68 ಮತ್ತು .404 ಜೆಫ್ರಿ ಹೆಚ್ಚುಕಡಿಮೆ ಒಂದೇ ದಪ್ಪದ ಗುಂಡು ಹಾರಿಸಿದರೂ .404ರ ಕೇಸು 73 ಮಿ.ಮೀ. ಉದ್ದ.

ನಮ್ಮ .315 ಕೂಡ ಹಾಗೆಯೇ. 8 ಮಿ.ಮೀ. ಅನ್ನು ಅಂಗುಲಕ್ಕೆ ತಿರುಗಿಸಿದರೆ .315, ತೋಟೆ ಆಸ್ಟ್ರಿಯಾದ 8×50 ರಿಮ್ ಇರುವ ಮ್ಯಾನ್ಲಿಷರ್, ಗುಂಡು ಸುಮಾರು.323. ಬ್ರಿಟಿಷ್ ಸರ್ಕಾರಕ್ಕೆ ಸೇನೆಯ .303 ತೋಟೆ ನಾಗರಿಕರ ಕೈ ಸೇರುವುದು ಬೇಡವಾಗಿತ್ತು, ಹಾಗಾಗಿ ಈ ವಿದೇಶಿ ತೋಟೆ ಇಲ್ಲಿ ಮನೆಮಾತಾಯಿತು.

ಅಳೆಯುವ ಕ್ರಮ ಹೀಗೆ. ಮೊದಲು ಬೋಲ್ಟ್ ಮುಖದ ಗುಳಿಯ ವ್ಯಾಸ ನೋಡಿ. 12 ಮಿ.ಮೀ. ಆಸುಪಾಸು ಇದ್ದರೆ 7×57, 8×57, .30-06, 9.3×62ರ ಗುಂಪು, 13.5 ಇದ್ದರೆ .375ರಂಥ ಪಟ್ಟಿಯುಳ್ಳ ಮ್ಯಾಗ್ನಮ್, 15 ಇದ್ದರೆ.416 ರಿಗ್ಬಿ. ಮುಂದೆ ಬೋರ್. ಮೃದು ಸೀಸದ ಗುಂಡೊಂದಕ್ಕೆ ಎಣ್ಣೆ ಹಚ್ಚಿ ಮೂತಿಯಿಂದ ಒಳಗಿಟ್ಟು ಮರದ ಕೋಲಿನಿಂದ ಮೆಲ್ಲಗೆ ತಟ್ಟುತ್ತಾ ಇನ್ನೊಂದು ತುದಿಯಿಂದ ಹೊರಗೆ ತನ್ನಿ, ಅದರ ಅತಿ ಹೆಚ್ಚಿನ ವ್ಯಾಸವೇ ಗುಂಡಿನ ಅಳತೆ. ಗಾಡಿ ಎಂದರೆ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರು, ಎರಡು ಗಾಡಿಗಳ ನಡುವಿನ ಉಬ್ಬು ಏಣು. ಮೌಸರ್‌ನ ನಾಲ್ಕು ಗಾಡಿಯ ನಳಿಗೆಯಲ್ಲಿ ಎದುರುಬದುರು ಅಳೆಯಬಹುದು. ಎನ್‌ಫೀಲ್ಡ್ ನಳಿಗೆಯಲ್ಲಿ ಗಾಡಿ ಐದು. ಒಂದು ಗಾಡಿಯ ಎದುರಿಗೆ ಏಣು ಬರುವುದರಿಂದ ಕ್ಯಾಲಿಪರ್ ಕಡಿಮೆ ತೋರಿಸುತ್ತದೆ. ಅದಕ್ಕೆ ವಿ-ಬ್ಲಾಕ್ (ವಿ ಆಕಾರದ ತಗ್ಗಿರುವ ಅಚ್ಚು) ಬೇಕು. ಎನ್‌ಫೀಲ್ಡ್‌ನ ಗಾಡಿ ಎಡಕ್ಕೆ ಸುತ್ತುತ್ತದೆ, ಮೌಸರ್‌ದು ಬಲಕ್ಕೆ. ನಳಿಗೆ ಬದಲಾಗಿದೆಯೋ ಎಂಬ ಅನುಮಾನಕ್ಕೆ ಇದೂ ಒಂದು ಸಾಕ್ಷಿ.

ಕೊನೆಯ ಮಾತು ಚೇಂಬರ್ ಎರಕದ್ದು, ಇದನ್ನು ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದಲೇ ಮಾಡಿಸಿ. ಸೆರೋಸೇಫ್ ಎಂಬ ಮಿಶ್ರಲೋಹ 70ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಚೇಂಬರಿನಿಂದ ಒಂದು ಅಂಗುಲ ಮುಂದೆ ಬಟ್ಟೆಯ ಬಿರಡೆ ಹಾಕಿ ಸುರಿಯುತ್ತಾರೆ. ಮೊದಲ ಅರ್ಧ ಗಂಟೆ ಅದು ಕುಗ್ಗುತ್ತದೆ, ಆಗಲೇ ತಳ್ಳಿ ಹೊರತೆಗೆಯಬೇಕು. ಸುರಿದ ಒಂದು ಗಂಟೆಗೆ ಚೇಂಬರಿನ ನಿಜ ಅಳತೆಗೆ ಮರಳುತ್ತದೆ, ಆಮೇಲೆ ಇನ್ನೂ ಹಿಗ್ಗುತ್ತಾ ಹೋಗುತ್ತದೆ. ಆದ್ದರಿಂದ ಅಳತೆ ಸರಿಯಾಗಿ ಒಂದು ಗಂಟೆಗೆ ತೆಗೆಯಬೇಕು. ಮರುದಿನ ಅಳೆದು ‘ಚೇಂಬರ್ ದೊಡ್ಡದಾಗಿದೆ’ ಎಂದು ತೀರ್ಪು ಕೊಡುವುದು ಸಾಮಾನ್ಯ ತಪ್ಪು.

ಈಗ ಹೆಸರು

ಕಲ್ಕತ್ತೆಯ ಮ್ಯಾಂಟನ್, ಆರ್.ಬಿ. ರಾಡಾ, ಮದ್ರಾಸಿನ ಪಿ. ಆರ್ ಅಂಡ್ ಸನ್ಸ್: ಇವು ಮಾರಾಟಗಾರರ ಹೆಸರುಗಳು. 1914ರ ಆಗಸ್ಟ್‌ನಲ್ಲಿ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲು ಕದ್ದೊಯ್ದದ್ದು ಇದೇ ರಾಡಾ ಕಂಪನಿಯ ಸರಕಿನಿಂದ. ಅಂಗಡಿಯ ಹೆಸರಿದ್ದರೆ ರೈಫಲ್ ಭಾರತಕ್ಕೆ ಹೇಗೆ ಬಂತು ಎಂದು ತಿಳಿಯುತ್ತದೆ, ಗುಣಮಟ್ಟದ ತೀರ್ಮಾನ ಆ್ಯಕ್ಷನ್ ಮತ್ತು ಕೆಲಸಗಾರಿಕೆಯದು. ರಿಗ್ಬಿ, ವೆಸ್ಟ್ಲಿ ರಿಚರ್ಡ್ಸ್, ಹಾಲೆಂಡ್ ಅಂಡ್ ಹಾಲೆಂಡ್ ಮುಂತಾದ ತಯಾರಕರ ಹೆಸರಿದ್ದರೆ ಎರಡು ನಂಬರ್ ಹುಡುಕಿ: ರಿಸೀವರಿನ ಪಕ್ಕದಲ್ಲಿ ಮೌಸರ್ ಕಾರ್ಖಾನೆಯದು, ನಳಿಗೆಯಲ್ಲೂ ಟ್ರಿಗರ್ ಗಾರ್ಡಿನಲ್ಲೂ ಇಂಗ್ಲಿಷ್ ತಯಾರಕರದು. ಎರಡನೆಯದನ್ನು ಬರೆದು ಕಳಿಸಿದರೆ ಈ ಸಂಸ್ಥೆಗಳು ಶುಲ್ಕ ಪಡೆದು ಹಳೆಯ ಲೆಡ್ಜರ್ ನೋಡಿ ಯಾವ ವರ್ಷ, ಯಾವ ಬೋರ್, ಯಾರಿಗೆ ಎಂದು ತಿಳಿಸುತ್ತವೆ. ಲೆಡ್ಜರಿನಲ್ಲಿ .350 ಎಂದಿದ್ದು ನಿಮ್ಮ ನಳಿಗೆ .30-06 ಎಂದಿದ್ದರೆ ನಳಿಗೆ ಬದಲಾಗಿದೆ ಎಂದೇ ಅರ್ಥ.

ಬೋಲ್ಟಿನ ನಂಬರ್ ರಿಸೀವರಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಬೆಲೆ ಇಳಿಯುತ್ತದೆ. ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಖಕ್ಕೂ ಚೇಂಬರಿಗೂ ನಡುವಿನ ಅಂತರ, ಗೋ (ಬೋಲ್ಟ್ ಮುಚ್ಚಲೇಬೇಕಾದ) ಮತ್ತು ನೋ-ಗೋ (ಮುಚ್ಚಬಾರದ) ಗೇಜಿನಲ್ಲಿ ಪಾಸಾಗುವವರೆಗೆ ಅದರಲ್ಲಿ ಈಡು ಹೊಡೆಯಬಾರದು.

ಸ್ಥಿತಿ: ಎಲ್ಲೆಲ್ಲಿ ಕಣ್ಣಿಡಬೇಕು

ನಳಿಗೆಯೊಳಗೆ ಕಪ್ಪು ಚುಕ್ಕೆ, ಗುಳಿಗಳಿರುವುದು ಮಲೆನಾಡಿನ ಬಹುತೇಕ ಹಳೆಯ ರೈಫಲ್‌ಗಳ ಪಾಡು. ಹಳೆಯ ತೋಟೆಯ ಕ್ಯಾಪಿನ ಮದ್ದು ಉರಿದ ಮೇಲೆ ಉಪ್ಪು ಉಳಿಯುತ್ತದೆ, ಆ ಉಪ್ಪು ಮಳೆಗಾಲದ ಗಾಳಿಯಿಂದ ನೀರು ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ಬಿಸಿನೀರಿಗೆ ಕರಗುತ್ತದೆ. ಬರೀ ಎಣ್ಣೆ ಹಾಕಿಟ್ಟ ನಳಿಗೆಗಳೂ ಹಾಳಾದದ್ದು ಇದಕ್ಕೇ. ಕಾರ್ಡೈಟ್ ಬಹಳ ಬಿಸಿಯಾಗಿ ಉರಿಯುವ ಮದ್ದು, ಚೇಂಬರಿನ ಮುಂದಿನ ಗಂಟಲನ್ನು ಸವೆಸುತ್ತದೆ. ಮೂತಿಯಿಂದ ಸರಳು ಹಾಕಿ ಉಜ್ಜಿದ್ದರೆ ಮೂತಿಯ ಅಂಚು ಒಂದು ಪಕ್ಕಕ್ಕೆ ತಿಂದುಹೋಗಿರುತ್ತದೆ.

ಮತ್ತೆ ಬ್ಲೂಯಿಂಗ್ ಮಾಡಿದ್ದನ್ನು ಹಿಡಿಯುವುದು ಸುಲಭ: ಅಕ್ಷರಗಳ ಅಂಚು ಕರಗಿದಂತಿರುತ್ತದೆ, ತಿರುಪಿನ ತೂತಿನ ಬಾಯಿ ತಟ್ಟೆಯಂತೆ ತಗ್ಗಾಗಿರುತ್ತದೆ, ಚೂಪಾಗಿರಬೇಕಾದ ಮೂಲೆ ದುಂಡಗಾಗಿರುತ್ತದೆ, ರಿಸೀವರ್ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಮರದಲ್ಲಿ ಟ್ಯಾಂಗಿನ (ರಿಸೀವರಿನ ಹಿಂದಿನ ಬಾಲದ) ಹಿಂದೆ ಮತ್ತು ಕೈ ಹಿಡಿಯುವ ಸಪುರ ಭಾಗದಲ್ಲಿ ಬಿರುಕು ನೋಡಿ. ಎಣ್ಣೆ ಕುಡಿದು ಕಪ್ಪಾದ, ಉಗುರು ಒತ್ತಿದರೆ ತಗ್ಗುವ ಮರ ಹೊಡೆತ ತಡೆಯುವುದಿಲ್ಲ. ದೂರದರ್ಶಕಕ್ಕೆಂದು ಕೊರೆದ ತೂತು, ಕತ್ತರಿಸಿದ ನಳಿಗೆ, ಬಾಗಿಸಿದ ಬೋಲ್ಟ್ ಹಿಡಿಕೆ ಇವೆಲ್ಲ ಶಾಶ್ವತ ನಷ್ಟ. ನಳಿಗೆಯ ಉದ್ದವನ್ನು ಬೋಲ್ಟ್ ಮುಚ್ಚಿ, ಮೂತಿಯಿಂದ ಕೋಲು ಹಾಕಿ, ಬೋಲ್ಟ್ ಮುಖಕ್ಕೆ ತಾಗುವವರೆಗೆ ಅಳೆಯಿರಿ.

ಸೇಫ್ಟಿ ಪರೀಕ್ಷೆ ಖಾಲಿ ರೈಫಲಿನಲ್ಲಿ, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟೆ) ಹಾಕಿ: ಬೋಲ್ಟ್ ಮುಚ್ಚಿ ಸೇಫ್ಟಿ ಹಾಕಿ, ಟ್ರಿಗರ್ ಎಳೆದು ಬಿಡಿ, ಸೇಫ್ಟಿ ತೆಗೆಯಿರಿ. ಆಗ ಪಿನ್ ಬಿದ್ದರೆ ರೈಫಲ್ ಅಪಾಯಕಾರಿ, ಬಳಕೆಯ ಬೆಲೆ ಶೂನ್ಯ.

ಬೆಲೆ ಕಟ್ಟುವುದು

ಒಂದೇ ರೈಫಲಿಗೆ ಎರಡು ಬೆಲೆಯಿದೆ, ಸಂಗ್ರಾಹಕರದು ಒಂದು, ಬಳಸುವವರದು ಇನ್ನೊಂದು. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಇಶಾಪುರದ .315ಗೆ ಸಂಗ್ರಾಹಕರು ಅಷ್ಟಾಗಿ ಮುಗಿಬೀಳುವುದಿಲ್ಲ; ಆದರೆ ಅದರ ತೋಟೆ ದೇಶದಲ್ಲೇ ತಯಾರಾಗುತ್ತದೆ, ಬೆಳೆ ಕಾಯುವವರಿಗೆ ಅದೇ ಬೇಕು. .30-06 ತೋಟೆಯೂ ಇಲ್ಲಿ ತಯಾರಾಗುತ್ತದೆ. .275 ರಿಗ್ಬಿ ಅಥವಾ .318ರ ಕಥೆ ತಲೆಕೆಳಗು: ರೈಫಲ್ ರತ್ನ, ತೋಟೆ ಸಿಗುವುದು ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೇ ನಿಷಿದ್ಧವಾದ್ದರಿಂದ ದೊಡ್ಡ ಬೋರಿನ ರೈಫಲ್‌ಗಳಿಗೆ ಇಲ್ಲಿ ಉಳಿದಿರುವುದು ಸಂಗ್ರಹದ ಬೆಲೆ ಒಂದೇ.

ಲೆಕ್ಕ ಶುರುಮಾಡುವುದು ಮಾರಾಟವಾದ ಬೆಲೆಯಿಂದ, ಕೇಳಿದ ಬೆಲೆಯಿಂದಲ್ಲ. ಅದೇ ಆ್ಯಕ್ಷನ್, ಅದೇ ತಯಾರಕರು, ಅದೇ ಬೋರಿನ ಐದಾರು ಮಾರಾಟ ಹುಡುಕಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಹಿಡಿಯಿರಿ. ಹರಾಜಿನ ಬೆಲೆಯಲ್ಲಿ ಕೊಳ್ಳುವವರ ಕಮಿಷನ್ ಸೇರಿದೆಯೋ ಇಲ್ಲವೋ ನೋಡಿ, ಸೇರಿದ್ದರೆ ಅಷ್ಟು ಕಳೆಯಿರಿ. ಆ ನಡುವಿನ ಬೆಲೆಯನ್ನು 100 ಎಂದಿಟ್ಟುಕೊಂಡು ಇಳಿಸುತ್ತಾ ಬನ್ನಿ. ಮತ್ತೆ ಪಾಲಿಶ್ ಮಾಡಿ ಬ್ಲೂಯಿಂಗ್ ಮಾಡಿದ ರೈಫಲ್ ಸಂಗ್ರಾಹಕರ ಲೆಕ್ಕದಲ್ಲಿ ಅರ್ಧಕ್ಕೂ ಇಳಿಯಬಹುದು. ಬದಲಾದ ನಳಿಗೆ ಅದಕ್ಕಿಂತ ಕೆಟ್ಟದ್ದು, ಏಕೆಂದರೆ ತಯಾರಕರ ಕೆಲಸದ ಮುಖ್ಯ ಭಾಗವೇ ಹೋಯಿತು. ಬೋರಿನ ಗುಳಿಗಳು ಮಾತ್ರ ಇದ್ದು ಹೊರಮೈ ಮೂಲ ಸ್ಥಿತಿಯಲ್ಲಿದ್ದರೆ ಸಂಗ್ರಾಹಕರು ಅಷ್ಟು ಹೆದರುವುದಿಲ್ಲ. ಬಳಸುವವರ ಲೆಕ್ಕ ಸರಿಯಾಗಿ ಇದರ ಉಲ್ಟಾ.

ಮೇಲಕ್ಕೇರಿಸುವುದು ಮೂಲ ಪೆಟ್ಟಿಗೆ, ಲೆಡ್ಜರ್ ಪತ್ರ, ಹಳೆಯ ಬಿಲ್ಲು, ಖಚಿತವಾದ ಒಡೆತನದ ಚರಿತ್ರೆ. ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿಗೆ ಅಷ್ಟು ಮಹತ್ವ ಬಂದದ್ದು ಅದರ ಮೇಲೆ ಉಡುಗೊರೆಯ ವಿವರ ಕೆತ್ತಿದ ಬೆಳ್ಳಿಯ ಫಲಕ ಇದ್ದುದರಿಂದ. ‘ನಮ್ಮ ತಾತ ಹುಲಿ ಹೊಡೆದ ಕೋವಿ’ ಎಂಬ ಬಾಯಿಮಾತು ಬೆಲೆ ಏರಿಸುವುದಿಲ್ಲ. ಅದೇ ನಂಬರ್ ಇರುವ 1930ರ ಲೈಸೆನ್ಸ್ ಪುಸ್ತಕ ಏರಿಸುತ್ತದೆ, ಅದನ್ನು ರದ್ದಿಗೆ ಹಾಕಬೇಡಿ.

ಲಂಡನ್ ಅಥವಾ ಅಮೆರಿಕದ ಹರಾಜಿನ ಅಂಕಿಯನ್ನು ರೂಪಾಯಿಗೆ ತಿರುಗಿಸಿ ಇಲ್ಲಿ ನಿರೀಕ್ಷಿಸಬಾರದು. ಇಲ್ಲಿಂದ ರೈಫಲನ್ನು ಅಲ್ಲಿಗೆ ಸುಮ್ಮನೆ ಕಳಿಸಲು ಬರುವುದಿಲ್ಲ, ನೂರು ವರ್ಷ ದಾಟಿದ್ದರೆ ಪುರಾತನ ವಸ್ತುಗಳ ಕಾನೂನೂ ಅಡ್ಡ ಬರುತ್ತದೆ. ಇತ್ತ 1980ರ ದಶಕದಲ್ಲಿ ಸಾಮಾನ್ಯ ನಾಗರಿಕರಿಗೆ ಆಮದು ನಿಂತದ್ದರಿಂದ, ಹೊರಗೆ ಸಾಧಾರಣವಾದ ವಿದೇಶಿ ರೈಫಲಿಗೂ ಇಲ್ಲಿ ಹೆಚ್ಚು ಬೆಲೆ ಬರುವುದುಂಟು. ಹಾಗಾಗಿ ಇಲ್ಲಿಯ ಬೆಲೆ ತಿಳಿಯಬೇಕಾದರೆ ಇಲ್ಲಿಯ ಮೂರು ಲೈಸೆನ್ಸ್ ಡೀಲರ್‌ಗಳಿಂದಾದರೂ ಬರಹದಲ್ಲಿ ಕೇಳಿ. ಕೊಳ್ಳಲು ಆಸಕ್ತಿ ಇರುವ ಡೀಲರ್ ಒಬ್ಬರೇ ಹೇಳಿದ ಬೆಲೆಗೆ ಆ ದಿನವೇ ಒಪ್ಪಬೇಡಿ.

ಮಾರುವುದಾದರೆ ಕೊಳ್ಳುವವರ ಲೈಸೆನ್ಸಿನಲ್ಲಿ ಆ ಬೋರ್ ನಮೂದಾಗಿರಬೇಕು. ಲೈಸೆನ್ಸ್ ಬೇಕಾದ ಕೋವಿಯನ್ನು ನೇರವಾಗಿ ಇನ್ನೊಬ್ಬರಿಗೆ ಕೊಡುವ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣಾಧಿಕಾರಿಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಆ ಅರ್ಜಿಗೆ ಆ್ಯಕ್ಷನ್, ಬೋರ್, ನಳಿಗೆಯ ಉದ್ದ, ಎರಡೂ ನಂಬರ್, ಪ್ರೂಫ್ ಮುದ್ರೆಗಳ ಫೋಟೊ ಲಗತ್ತಿಸಿ. ಮುಂಗಡ ಹಣ ಪಡೆದರೂ ಆ 45 ದಿನ ರೈಫಲ್ ಮತ್ತು ಬೋಲ್ಟ್ ಎರಡೂ ನಿಮ್ಮ ಬಳಿಯೇ, ಬೇರೆ ಬೇರೆ ಬೀಗದೊಳಗೆ ಇರಲಿ.